ಕೊಡುವವರು, ಕೊಡಿಸುವವರು

ಪದವಿ ಪರೀಕ್ಷೆಯ ಫಲಿತಾಂಶ ಹೊರಬಿದ್ದ ಒಂದೆರಡು ತಿಂಗಳಿಗೆಲ್ಲ ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಒಂದು ಮಾತು ಕೇಳಿಬರುತ್ತದೆ: "ಯಾವುದೋ ಏಜೆನ್ಸಿಯವರು ಕೆಲಸ ಕೊಡಿಸುತ್ತಾರಂತೆ." ಈ ಒಂದು ವಾಕ್ಯದಲ್ಲಿ ಮನೆಯವರ ಆಸೆಯೂ ಇದೆ, ಅನುಮಾನವೂ ಇದೆ. ವ್ಯಾಕರಣದಲ್ಲಿ 'ಕೊಡು' ಎಂಬ ಧಾತುವಿಗೆ 'ಇಸು' ಪ್ರತ್ಯಯ ಸೇರಿದರೆ 'ಕೊಡಿಸು' ಎಂಬ ಪ್ರೇರಣಾರ್ಥಕ ರೂಪವಾಗುತ್ತದೆ. ಕೊಡುವವನು ಒಬ್ಬ, ಕೊಡಿಸುವವನು ಇನ್ನೊಬ್ಬ. ಈ ಭೇದವನ್ನು ಶಾಲೆಯ ಹುಡುಗರು ಮರೆತರೆ ಒಂದು ಅಂಕ ಹೋದೀತು. ಉದ್ಯೋಗ ಅರಸುವವರು ಮರೆತರೆ ಕೈಯ ಹಣವೂ ಒಂದೆರಡು ವರ್ಷಗಳೂ ಹೋದಾವು. ಆದ್ದರಿಂದ ಈ ಏಜೆನ್ಸಿಗಳ ವ್ಯವಹಾರ ಎಂಥದೆಂಬುದನ್ನು ತುಸು ವಿಚಾರಿಸೋಣ.

ಕೆಲಸವನ್ನೂ ಕೆಲಸಗಾರನನ್ನೂ ಒಂದುಗೂಡಿಸುವ ಏರ್ಪಾಡು ಹೊಸದಲ್ಲ. ಎರಡನೆಯ ಮಹಾಯುದ್ಧ ಮುಗಿದು ಸೈನ್ಯದಿಂದ ಹಿಂದಿರುಗಿದವರಿಗೆ ಜೀವನೋಪಾಯ ಒದಗಿಸಲೆಂದು 1945ರಲ್ಲಿ ಸರ್ಕಾರಿ ಉದ್ಯೋಗ ವಿನಿಮಯ ಕಚೇರಿಗಳು ಹುಟ್ಟಿದವು. 1948ರಲ್ಲಿ ಅವುಗಳ ಬಾಗಿಲು ಎಲ್ಲ ನಿರುದ್ಯೋಗಿಗಳಿಗೂ ತೆರೆಯಿತು. ಸರ್ಕಾರಿ ಕಚೇರಿಗಳೂ, 25 ಅಥವಾ ಅದಕ್ಕೂ ಹೆಚ್ಚು ಜನರು ದುಡಿಯುವ ಖಾಸಗಿ ಸಂಸ್ಥೆಗಳೂ ತಮ್ಮಲ್ಲಿ ಖಾಲಿಯಾದ ಹುದ್ದೆಗಳನ್ನು ಈ ಕಚೇರಿಗಳಿಗೆ ತಿಳಿಸಬೇಕೆಂದು 1959ರ ಕಾಯಿದೆ ವಿಧಿಸಿತು. ಆದರೆ ಅಲ್ಲಿಂದಲೇ ಜನರನ್ನು ಆರಿಸಬೇಕೆಂದು ವಿಧಿಸಲಿಲ್ಲ. ಹೀಗಾಗಿ ಹೆಸರು ಬರೆಯಿಸಿ ಕರೆ ಬಾರದೆ ಕಾದವರು ಬಹಳ ಮಂದಿ. 1991ರ ಆರ್ಥಿಕ ಬದಲಾವಣೆಗಳ ತರುವಾಯ ಖಾಸಗಿ ಕಂಪನಿಗಳು ಹೆಚ್ಚಿದಂತೆ ಖಾಸಗಿ ಏಜೆನ್ಸಿಗಳೂ ಹೆಚ್ಚಿದವು. ಇಂಥವುಗಳಲ್ಲಿ ದೊಡ್ಡವೆನಿಸಿದ ಟೀಮ್‌ಲೀಸ್, ಕ್ವೆಸ್ ಎಂಬ ಸಂಸ್ಥೆಗಳ ಮುಖ್ಯ ಕಚೇರಿಗಳು ನಮ್ಮ ಬೆಂಗಳೂರಿನಲ್ಲೇ ಇವೆ.

ಏಜೆನ್ಸಿ ಎಂಬ ಹೆಸರು ಒಂದೇ ಆದರೂ ಅದರಲ್ಲಿ ಮುಖ್ಯವಾಗಿ ಎರಡು ಬಗೆಗಳುಂಟು. ಮೊದಲನೆಯ ಬಗೆಯವರು ನಿಜವಾಗಿ 'ಕೊಡಿಸುವವರು'. ಕಂಪನಿಗೆ ಒಬ್ಬ ಲೆಕ್ಕಿಗ ಬೇಕಾದರೆ, ಇವರು ಹತ್ತಾರು ಅರ್ಜಿಗಳನ್ನು ಜರಡಿ ಹಿಡಿದು ನಾಲ್ವರನ್ನು ಸಂದರ್ಶನಕ್ಕೆ ಕಳುಹಿಸುತ್ತಾರೆ. ಆಯ್ಕೆಯಾದವನು ಮೊದಲ ದಿನದಿಂದಲೇ ಕಂಪನಿಯ ನೌಕರ. ಏಜೆನ್ಸಿಯ ಪಾತ್ರ ಅಲ್ಲಿಗೆ ಮುಗಿಯಿತು.

ಎರಡನೆಯ ಬಗೆಯದು ಸ್ವಲ್ಪ ತೊಡಕಿನದು. ಇಲ್ಲಿ ಏಜೆನ್ಸಿಯೇ ಹುಡುಗನನ್ನು ತನ್ನ ನೌಕರನೆಂದು ನೇಮಿಸಿಕೊಂಡು, ಬೇರೊಂದು ಕಂಪನಿಗೆ ದುಡಿಯಲು ಕಳುಹಿಸುತ್ತದೆ. ಅವನು ಕೂರುವುದು ಬ್ಯಾಂಕಿನ ಕಟ್ಟಡದಲ್ಲಿ, ಕೆಲಸ ಹೇಳುವವರು ಬ್ಯಾಂಕಿನ ಅಧಿಕಾರಿಗಳು. ಆದರೆ ಸಂಬಳ ಬರುವುದು ಏಜೆನ್ಸಿಯಿಂದ. ಮನೆಯವರು "ನಮ್ಮ ಮಗನಿಗೆ ಬ್ಯಾಂಕಿನಲ್ಲಿ ಕೆಲಸವಾಯಿತು" ಎಂದು ಬೀದಿಗೆಲ್ಲ ಸಿಹಿ ಹಂಚುತ್ತಾರೆ. ಒಪ್ಪಂದದ ಅವಧಿ ತೀರಿದ ದಿನ ಬ್ಯಾಂಕು "ಇವನು ನಮ್ಮವನಲ್ಲ" ಎನ್ನುತ್ತದೆ. ಅದು ಸುಳ್ಳಲ್ಲ, ನೇಮಕದ ಪತ್ರದಲ್ಲಿ ಹಾಗೆಯೇ ಬರೆದಿರುತ್ತದೆ. ಓದದೆ ಸಹಿ ಹಾಕಿದ್ದಷ್ಟೇ ನಮ್ಮ ಕಡೆಯ ಲೋಪ.

ಹಾಗೆಂದ ಮಾತ್ರಕ್ಕೆ ಈ ದಾರಿ ಕೆಟ್ಟದ್ದೆಂದು ತಿಳಿಯಬಾರದು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಿ.ಕಾಂ. ಮುಗಿಸಿ, ಹೀಗೆಯೇ ಒಂದು ಏಜೆನ್ಸಿಯ ಮೂಲಕ ಉಗ್ರಾಣದ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ. ಹನ್ನೊಂದು ತಿಂಗಳು ದುಡಿದು ಕೆಲಸ ಕಲಿತ. ಅಲ್ಲಿ ಸ್ಥಾನ ತೆರವಾದಾಗ ಕಂಪನಿಯವರೇ ಅವನನ್ನು ಕರೆದು ಕಾಯಂ ಮಾಡಿಕೊಂಡರು. ಅನುಭವವಿಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ಅನುಭವವಿಲ್ಲ ಎಂಬ ಚಕ್ರವನ್ನು ಮುರಿಯಲು ಹೊಸ ಪದವೀಧರನಿಗೆ ಇದೊಂದು ಮೆಟ್ಟಿಲು. ಮೆಟ್ಟಿಲನ್ನು ಮನೆಯೆಂದು ಭಾವಿಸದಿದ್ದರೆ ಸಾಕು.

ಇನ್ನು ಹಣದ ಮಾತು. ಸರಿಯಾದ ಏಜೆನ್ಸಿಗೆ ಹಣ ಕೊಡುವುದು ಕಂಪನಿ, ಅಭ್ಯರ್ಥಿಯಲ್ಲ. ಕೆಲಸಗಾರರಿಂದ ಶುಲ್ಕ ವಸೂಲು ಮಾಡಕೂಡದೆಂಬುದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1997ರಲ್ಲಿ ಅಂಗೀಕರಿಸಿದ 181ನೆಯ ಒಡಂಬಡಿಕೆಯ ತತ್ತ್ವ. ಭಾರತ ಅದನ್ನು ಅನುಮೋದಿಸಿಲ್ಲವಾದರೂ ಒಳ್ಳೆಯ ಏಜೆನ್ಸಿಗಳು ಈ ತತ್ತ್ವವನ್ನೇ ಪಾಲಿಸುತ್ತವೆ. 'ನೋಂದಣಿ', 'ತರಬೇತಿ', 'ಠೇವಣಿ' ಎಂದು ಯಾವ ಹೆಸರಿನಿಂದ ಹಣ ಕೇಳಿದರೂ ಎದ್ದು ಬರುವುದೇ ಲೇಸು. ನನ್ನಲ್ಲಿ ಓದಿದ ಹೆಣ್ಣುಮಗಳೊಬ್ಬಳು ತಾಯಿಯ ಬಳೆ ಅಡವಿಟ್ಟು ಇಂಥ ಒಬ್ಬರಿಗೆ ಠೇವಣಿ ಕಟ್ಟಿದಳು. ಮುಂದಿನ ತಿಂಗಳು ಹೋಗಿ ನೋಡಿದರೆ ಬಾಗಿಲಿಗೆ ಬೀಗ! ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಅವಳನ್ನು ಹಳಿಯುವುದು ಸುಲಭ; ಆದರೆ ಆ ಆತುರವನ್ನೇ ಬಂಡವಾಳ ಮಾಡಿಕೊಳ್ಳುವವರು ಇದ್ದಾರೆಂಬುದನ್ನು ಅವಳಿಗೆ ಮೊದಲೇ ಯಾರೂ ಹೇಳಿರಲಿಲ್ಲ. ವಿದೇಶದ ಕೆಲಸಕ್ಕೆ ಮಾತ್ರ ನಿಯಮ ಬೇರೆ: 1983ರ ವಲಸೆ ಕಾಯಿದೆಯಂತೆ ನೋಂದಣಿಯಾದ ಏಜೆಂಟರು ಗೊತ್ತಾದ ಮಿತಿಯೊಳಗೆ, ರಶೀದಿ ಕೊಟ್ಟು ಶುಲ್ಕ ಪಡೆಯಬಹುದು.

ಸಹಿ ಹಾಕುವ ಮುನ್ನ ಮನೆಯವರೆಲ್ಲ ಕುಳಿತು ನೇಮಕದ ಪತ್ರವನ್ನು ಓದಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಇಂಥ ಪತ್ರ ಕೊಡುವುದನ್ನು ಕಡ್ಡಾಯ ಮಾಡಿವೆ. ಮಾಲೀಕನೆಂದು ಯಾರ ಹೆಸರಿದೆ? ಅವಧಿ ಎಷ್ಟು? ಬಿಡುವಾಗ ಎಷ್ಟು ದಿನದ ಮುನ್ಸೂಚನೆ? ಭವಿಷ್ಯ ನಿಧಿಯ ಲೆಕ್ಕ ಹೇಗೆ? ಈ ಕಡೆಯ ಪ್ರಶ್ನೆಗೆ ಒಂದು ಉದಾಹರಣೆ ಕೊಡುತ್ತೇನೆ. ನಿಧಿಗೆ ಲೆಕ್ಕ ಹಾಕುವ ವೇತನ 15,000 ರೂಪಾಯಿ ಎನ್ನಿ. ನೂರಕ್ಕೆ 12ರಂತೆ ನೌಕರನಿಂದ 1,800, ಮಾಲೀಕನಿಂದಲೂ 1,800 ರೂಪಾಯಿ ಸಲ್ಲಬೇಕು. ಹಲವು ಕಂಪನಿಗಳು ಹೇಳುವ 'ಒಟ್ಟು ಸಂಬಳ'ದಲ್ಲಿ ಈ ಎರಡು ಪಾಲುಗಳೂ ಅಡಗಿರುತ್ತವೆ. ಆಗ ಹೇಳಿದ ಮೊತ್ತಕ್ಕಿಂತ ಕೈಗೆ 3,600 ರೂಪಾಯಿ ಕಡಮೆ ಬರುತ್ತದೆ. ಅದು ನಷ್ಟವಲ್ಲ, ನಿಧಿಗೆ ಕಟ್ಟಿದರೆ ಉಳಿತಾಯ. ಕಟ್ಟುತ್ತಿದ್ದಾರೆಯೆ ಎಂಬುದನ್ನು ನೌಕರನು ತನ್ನ ಹನ್ನೆರಡಂಕಿಯ ಖಾತಾ ಸಂಖ್ಯೆಯಿಂದ ತಾನೇ ತಿಂಗಳು ತಿಂಗಳೂ ನೋಡಿಕೊಳ್ಳಬಹುದು. ಗುತ್ತಿಗೆ ನೌಕರರಿಗೆ ಗುತ್ತಿಗೆದಾರನು ಸಂಬಳ ಕೊಡದೆ ಹೋದರೆ, ದುಡಿಸಿಕೊಂಡ ಮೂಲ ಮಾಲೀಕನೇ ಹೊಣೆ ಎಂಬ 1970ರ ಕಾಯಿದೆಯ ನಿಯಮವು ಹೊಸ ಸಂಹಿತೆಯಲ್ಲೂ ಉಳಿದಿದೆ. ಇದೂ ನೆನಪಿರಲಿ.

ಮೂಲ ಅಂಕಪಟ್ಟಿಗಳನ್ನು ಯಾರಿಗೂ ಒಪ್ಪಿಸಬಾರದು. ತೋರಿಸಿ ಹಿಂದಕ್ಕೆ ತರಬೇಕು. ಒಂದೇ ಏಜೆನ್ಸಿಯನ್ನು ನಂಬಿ ಕೂರದೆ, ಎರಡು ಮೂರು ಕಡೆ ಹೆಸರು ಕೊಡಬೇಕು. ಕೇಂದ್ರ ಸರ್ಕಾರ 2015ರಲ್ಲಿ ಆರಂಭಿಸಿದ ರಾಷ್ಟ್ರೀಯ ವೃತ್ತಿ ಸೇವೆಯಲ್ಲೂ ಶುಲ್ಕವಿಲ್ಲದೆ ನೋಂದಾಯಿಸಿಕೊಳ್ಳಬಹುದು. ಕೆಲಸ ಬಿಡುವಾಗ ಅನುಭವದ ಪತ್ರ ಕೇಳಿ ಪಡೆಯಬೇಕು; ಮುಂದಿನ ಬಾಗಿಲಿಗೆ ಅದೇ ಬೀಗದ ಕೈ.

ಮಕ್ಕಳನ್ನು ಹದಿನೈದು ಹದಿನಾರು ವರ್ಷ ಓದಿಸಿದ ತಂದೆತಾಯಿಗಳು ಕಡೆಯ ಒಂದು ಪತ್ರವನ್ನು ಅವರೊಡನೆ ಕುಳಿತು ಓದುವುದು ಹೆಚ್ಚಿನ ಶ್ರಮವೇನಲ್ಲ. ಕೊಡಿಸುವವರು ಯಾರು, ಕೊಡುವವರು ಯಾರು, ದುಡಿಸಿಕೊಳ್ಳುವವರು ಯಾರು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆ ಸಹಿ ಹಾಕಲು ಅಂಜಬೇಕಾಗಿಲ್ಲ.