ನಿಮಗಿದು ಗೊತ್ತೆ? ಪೆಟ್ಟಿಗೂ ಮೊದಲು ‘ಕೇನ್’ ಒಂದು ಗಿಡ

ಇಂಗ್ಲಿಷಿನ ‘ಕೇನ್’ ಪದಕ್ಕೆ ಬೆತ್ತದಿಂದ ಹೊಡೆಯುವುದು ಎಂಬ ಅರ್ಥ ಸೇರಿದ್ದು 17ನೆಯ ಶತಮಾನದಲ್ಲಿ. ಮೂಲದಲ್ಲಿ ಅದು ಗ್ರೀಕರ ‘ಕನ್ನ’, ಅಂದರೆ ಜೊಂಡು. ಗ್ರೀಕಿಗೆ ಅದು ಬಂದದ್ದು ಪಶ್ಚಿಮ ಏಷ್ಯಾದ ಸೆಮಿಟಿಕ್ ಭಾಷೆಗಳಿಂದ. ಕಬ್ಬನ್ನು ‘ಶುಗರ್ ಕೇನ್’ ಎನ್ನುವುದು ಇದರಿಂದಲೇ. ನೀರಿನ ಕಾಲುವೆಯ ‘ಕೆನಾಲ್’ ಕೂಡ ಟೊಳ್ಳು ಜೊಂಡಿನ ಇದೇ ಬೇರಿನದು.

ಕನ್ನಡದ ‘ಬೆತ್ತ’ವೂ ಹೀಗೆಯೇ ಬೆಳೆದ ಪದ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಾನುಗಳಲ್ಲಿ ಮರಗಳನ್ನು ತಬ್ಬಿ ಏರುವ ಈ ಮುಳ್ಳುಬಳ್ಳಿ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಅಡಿಕೆಯ ಕುಟುಂಬದ್ದೇ. ಬುಟ್ಟಿ, ಕುರ್ಚಿ ಹೆಣೆಯುವ ಅದರ ಹೆಸರೇ ಮೇಷ್ಟರ ಕೈಯ ಕೋಲಿಗೂ ಬಂತು. ಇದು ಬ್ರಿಟಿಷರ ಶಾಲೆಗಳ ಬಳುವಳಿ ಎನ್ನುವವರಿದ್ದಾರು. ಒಪ್ಪುವುದು ಕಷ್ಟ. ‘ಬೆತ್ತ’ದ ಮೂಲವಾದ ಸಂಸ್ಕೃತದ ‘ವೇತ್ರ’ಕ್ಕೆ ಬಳ್ಳಿ, ಕೋಲು ಎಂಬ ಎರಡೂ ಅರ್ಥ ಮೊದಲಿನಿಂದಲೇ ಇದ್ದವು, ಅರಮನೆಯ ಬಾಗಿಲು ಕಾಯುವವನು ‘ವೇತ್ರಧರ’ನಾಗಿದ್ದ. ಅಂದರೆ ಬಳ್ಳಿ ಅಧಿಕಾರದ ಗುರುತಾದದ್ದು ಇಂಗ್ಲಿಷ್ ಬರುವ ಎಷ್ಟೋ ಮೊದಲು. ಶಾಲೆಯಲ್ಲಿ ಅದರ ಅಧಿಕಾರ ಕೊನೆಗೊಂಡದ್ದು ಮಾತ್ರ ತೀರಾ ಈಚೆಗೆ: 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಂ ಮಕ್ಕಳಿಗೆ ದೈಹಿಕ ಶಿಕ್ಷೆ ಕೊಡುವುದನ್ನು ನಿಷೇಧಿಸಿದೆ.