ಹಳೇ ಟೇಪು, ಹೊಸ ಕಿವಿ: ಈ ತಿಂಗಳು ಕೇಳಬೇಕಾದ ಏಳು ಆಲ್ಬಂ

ಸಂಡೂರು ತಾಲ್ಲೂಕಿನ ಯಶವಂತನಗರದಿಂದ ಈ ವಾರದ ಕಂತು.

ಜಾಝ್, ಫಂಕ್, ಎಲೆಕ್ಟ್ರಾನಿಕ್, ಇಂಡೀ ಅಂದ ಕೂಡಲೇ "ಅದು ಬೆಂಗಳೂರಿನ ಕಾಫಿ ಶಾಪ್ ಸಂಗೀತ ಬಿಡ್ರಿ, ನಮಗ್ಯಾಕೆ" ಅನ್ನೋರು ಬಹಳ ಮಂದಿ. ಇವತ್ತಿನ ಏಳು ಆಲ್ಬಂ ಅವರಿಗೇ. ಏಳರಲ್ಲಿ ನಾಲ್ಕಕ್ಕೆ ನೇರವಾಗಿ ಕನ್ನಡನಾಡಿನ ನಂಟಿದೆ. ಉಳಿದ ಮೂರು ನಮ್ಮ ದೇಶದವರೇ ಮಾಡಿದ್ದು. ಆ ಮೂರೂ ದಶಕಗಟ್ಟಲೆ ಮರೆಯಲ್ಲಿದ್ದು, ಆಮೇಲೆ ವಾಪಸ್ ಬಂದವು. ಹೇಗೆ ವಾಪಸ್ ಬಂದವು ಅನ್ನೋದೇ ನನಗೆ ಮುಖ್ಯ, ಯಾಕಂದ್ರೆ ನಮ್ಮದೇ ಎಷ್ಟೋ ಹಾಡು ಇನ್ನೂ ವಾಪಸ್ ಬಂದಿಲ್ಲ.

ಮರುಬಿಡುಗಡೆ ಅಂದ್ರೆ ಏನು?

ಸ್ಟುಡಿಯೋದಲ್ಲಿ ಹಾಡು ಮುದ್ರಣ ಆದಾಗ ಒಂದು ಮೂಲ ಟೇಪ್ ಇರುತ್ತೆ. ಅದಕ್ಕೆ ಮಾಸ್ಟರ್ ಅಂತಾರೆ. ನಮ್ಮ ಮನೆಗೆ ಬರೋ ರೆಕಾರ್ಡು, ಕ್ಯಾಸೆಟ್ಟು, ಸಿ.ಡಿ. ಎಲ್ಲ ಅದರ ನಕಲು. ಮರುಬಿಡುಗಡೆ ಅಂದ್ರೆ ಆ ಮಾಸ್ಟರ್ ಹುಡುಕಿ, ಅದು ಸಿಗದಿದ್ದರೆ ಚೆನ್ನಾಗಿ ಉಳಿದ ಒಂದು ರೆಕಾರ್ಡ್ ಹುಡುಕಿ, ಧ್ವನಿ ಶುದ್ಧ ಮಾಡಿ, ಹಕ್ಕು ಇರೋರ ಜೊತೆ ಒಪ್ಪಂದ ಮಾಡಿಕೊಂಡು ಮತ್ತೆ ಮಾರುಕಟ್ಟೆಗೆ ತರೋದು. ಇದಕ್ಕೆ ಎರಡು ಇರಲೇಬೇಕು: ಕೆಡದ ಪ್ರತಿ, ಮತ್ತು ಇದು ಯಾರದ್ದು ಅಂತ ಹೇಳೋ ಕಾಗದ. ಇವೆರಡರಲ್ಲಿ ಒಂದು ಇಲ್ಲದಿದ್ದರೂ ಎಷ್ಟೇ ದೊಡ್ಡ ಹಾಡಾದರೂ ಅಲ್ಲೇ ನಿಲ್ಲುತ್ತೆ.

ಈಗ ಪಟ್ಟಿಗೆ ಬರೋಣ.

1. 'ಜ್ಯೋತಿ' (1983), ಜಾಝ್

ಬೆಂಗಳೂರಿನಲ್ಲಿ 1964ರಲ್ಲಿ ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಶುರು ಮಾಡಿದರು. ಅವರ ಪತ್ನಿ ಆರ್.ಎ. ರಮಾಮಣಿ ಗಾಯಕಿ. ಇವರ ತಂಡ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ಸೇರಿ 1983ರ ಫೆಬ್ರವರಿಯಲ್ಲಿ ಜರ್ಮನಿಯಲ್ಲಿ ಮುದ್ರಿಸಿದ ಆಲ್ಬಂ ಇದು. ಹೊರತಂದದ್ದು ಮ್ಯೂನಿಕ್‌ನ ಇಸಿಎಂ. ಜಾಝ್ ಕೇಳೋರಿಗೆ ಈ ಕಂಪನಿ ಅಂದ್ರೆ ಐ.ಎಸ್.ಐ. ಮುದ್ರೆ ಇದ್ದ ಹಾಗೆ. ಮರಿಯಾನೊ ಕೂಡ ಸಣ್ಣ ಆಸಾಮಿ ಅಲ್ಲ. ಚಾರ್ಲ್ಸ್ ಮಿಂಗಸ್ ಜೊತೆ ನುಡಿಸಿದವರು, ನಮ್ಮ ಕಡೆಯ ನಾಗಸ್ವರವನ್ನೂ ಕಲಿತವರು.

ಇದರಲ್ಲಿ ಪಿಯಾನೊ ಇಲ್ಲ, ಗಿಟಾರ್ ಇಲ್ಲ, ಡ್ರಮ್ ಸೆಟ್ ಇಲ್ಲ. ರಮಾಮಣಿಯವರ ದನಿ, ತಂಬೂರಿ, ಮೃದಂಗ, ಘಟ, ಖಂಜಿರ, ಮೋರ್ಸಿಂಗ್, ಅದರ ಜೊತೆ ಮರಿಯಾನೊ ಅವರ ಸ್ಯಾಕ್ಸೊಫೋನ್ ಮತ್ತು ಕೊಳಲು. ಬಾಯಲ್ಲೇ ತಾಳದ ಸೊಲ್ಲು ಹೇಳೋ ಕೊನ್ನಕ್ಕೋಲ್ ಕೂಡ ಇದೆ. ರಾಗ, ತಾಳ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ದನಿ ಎಲ್ಲಿ ಮುಗಿಯಿತು, ಸ್ಯಾಕ್ಸೊಫೋನ್ ಎಲ್ಲಿ ಹಿಡಿದುಕೊಂಡಿತು ಅನ್ನೋದನ್ನಷ್ಟೇ ಗಮನಿಸ್ರಿ. ಅದಿರು ಲಾರಿ ಓಡಾಡೋ ಹೊತ್ತಲ್ಲಿ ಬೇಡ, ರಾತ್ರಿ ಕೇಳ್ರಿ. ಸದ್ದಿಗಿಂತ ನಡುವಿನ ಮೌನಕ್ಕೆ ಇಲ್ಲಿ ಹೆಚ್ಚು ಬೆಲೆ. ಮಣಿಯವರು 2020ರಲ್ಲಿ ತೀರಿಕೊಂಡರು.

2. 'ಕಿನ್ಸ್‌ಮೆನ್' (2008), ಜಾಝ್

ದಕ್ಷಿಣ ಕನ್ನಡದ ಸಜಿಪಮೂಡದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥ್ ಅವರ ತಂದೆ ನಾಗಸ್ವರ ವಿದ್ವಾಂಸರು. ಮೈಸೂರಿನ ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮಗ ಅದರ ಹಿಂದೆ ಬಿದ್ದರು. ಆ ವಾದ್ಯದ ಕಷ್ಟ ಏನಂದ್ರೆ, ಕೀಲಿ ಒತ್ತಿದರೆ ಒಂದು ಸ್ವರ, ಬಿಟ್ಟರೆ ಇನ್ನೊಂದು. ನಮ್ಮ ಸಂಗೀತಕ್ಕೆ ಬೇಕಾದದ್ದು ಎರಡು ಸ್ವರದ ನಡುವಿನ ಜಾರು, ಗಮಕ. ವಾದ್ಯವನ್ನೇ ಮಾರ್ಪಡಿಸಿ, ತುಟಿ, ಉಸಿರು ಪಳಗಿಸಿ ಅದನ್ನು ಸಾಧಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿ ಪ್ರಾಮ್ಸ್ ಉತ್ಸವಕ್ಕೆ ನುಡಿಸಿದರು. 2019ರಲ್ಲಿ ತೀರಿಕೊಂಡರು.

ಅಲ್ಲಿ ಅಮೆರಿಕದಲ್ಲಿ, ಕರ್ನಾಟಕ ಮೂಲದ ಭೌತವಿಜ್ಞಾನ ಪ್ರಾಧ್ಯಾಪಕರ ಮಗ ರುದ್ರೇಶ್ ಮಹಾಂತಪ್ಪ ಜಾಝ್ ಸ್ಯಾಕ್ಸೊಫೋನ್ ಕಲಿಯುತ್ತಿದ್ದರು. ಅವರ ಅಣ್ಣ ತಮಾಷೆಗೆ ಅಂತ ಕೊಟ್ಟ ಉಡುಗೊರೆ ಕದ್ರಿಯವರ ಆಲ್ಬಂ. ತಮಾಷೆ ಅಲ್ಲಿಗೆ ಮುಗಿಯಲಿಲ್ಲ. ಮುಂದೆ ಇಬ್ಬರೂ ಸೇರಿ ಮಾಡಿದ್ದೇ 'ಕಿನ್ಸ್‌ಮೆನ್', ಅಂದ್ರೆ ನೆಂಟರು. ಎ. ಕನ್ಯಾಕುಮಾರಿಯವರ ವಯೊಲಿನ್, ಪೂವಲೂರು ಶ್ರೀಜಿಯವರ ಮೃದಂಗ, ಇತ್ತ ಗಿಟಾರ್, ಬೇಸ್, ಡ್ರಮ್ಸ್. ಒಂದೇ ವಾದ್ಯ ಇಬ್ಬರ ಕೈಯಲ್ಲಿ ಎರಡು ನುಡಿ ಮಾತಾಡೋದನ್ನು ಇಲ್ಲಿ ಕೇಳಬಹುದು. ಜಾಝ್‌ಗೆ ಹೊಸಬರಾದರೆ ಇದರಿಂದಲೇ ಶುರು ಮಾಡ್ರಿ.

3. 'ಮದರ್ ಟಂಗ್' (2004), ಜಾಝ್

ಇದು ರುದ್ರೇಶ್ ಅವರದೇ ಇನ್ನೊಂದು ಆಲ್ಬಂ. ಅಮೆರಿಕದಲ್ಲಿ ಭಾರತೀಯರಿಗೆ ಜನ ಕೇಳೋ ಒಂದು ಪ್ರಶ್ನೆ ಇದೆ: ನೀವು ಇಂಡಿಯನ್ ಮಾತಾಡ್ತೀರಾ? ರುದ್ರೇಶ್ ಇದೇ ಪ್ರಶ್ನೆಯನ್ನು ಬೇರೆ ಬೇರೆ ಭಾಷೆಯ ಭಾರತೀಯರಿಗೆ ಕೇಳಿ ಉತ್ತರ ಮುದ್ರಿಸಿಕೊಂಡರು. ಹಾಗೊಂದು ಭಾಷೆ ಇಲ್ಲ, ನಮ್ಮದು ಇಂಥ ಭಾಷೆ ಅಂತ ಅವರು ತಮ್ಮ ತಮ್ಮ ನುಡಿಯಲ್ಲಿ ಹೇಳಿದ ಮಾತಿನ ಏರಿಳಿತವನ್ನೇ ಸ್ವರಕ್ಕೆ ಇಳಿಸಿದರು. ಆಲ್ಬಂನಲ್ಲಿ 'ಕನ್ನಡ' ಅನ್ನೋ ಹೆಸರಿನ ಒಂದು ರಚನೆಯೇ ಇದೆ. ತೆಲುಗು, ಕೊಂಕಣಿ, ತಮಿಳು, ಮಲಯಾಳಂ, ಗುಜರಾತಿ ಕೂಡ ಇವೆ. ಪಿಯಾನೊದಲ್ಲಿ ವಿಜಯ್ ಅಯ್ಯರ್. ನಮ್ಮ ಗಡಿಭಾಗದಲ್ಲಿ ಕನ್ನಡ, ತೆಲುಗು ಎರಡೂ ಒಂದೇ ಅಂಗಡಿ ಮುಂದೆ ಕೇಳುತ್ತವಲ್ಲ, ಆ ಎರಡು ರಚನೆ ಒಂದಾದ ಮೇಲೊಂದು ಹಾಕಿ ವ್ಯತ್ಯಾಸ ಗುರುತಿಸ್ರಿ.

4. 'ಡಿಸ್ಕೊ ಜಾಝ್' (1982, ಮರುಬಿಡುಗಡೆ 2019), ಫಂಕ್

ಇಲ್ಲಿಂದ ಮರೆತುಹೋಗಿದ್ದವರ ಕಥೆ. ಕೋಲ್ಕತ್ತದ ಗಾಯಕಿ ರೂಪಾ ಬಿಸ್ವಾಸ್ ಕೆನಡಾದ ಕ್ಯಾಲ್ಗರಿಗೆ ಹೋದಾಗ ಮುದ್ರಿಸಿದ ಬಂಗಾಳಿ ಡಿಸ್ಕೊ-ಫಂಕ್ ಆಲ್ಬಂ ಇದು. ಸರೋದ್ ನುಡಿಸಿದ್ದು ಆಶಿಶ್ ಖಾನ್. ಬಿಡುಗಡೆಯಾದಾಗ ಯಾರೂ ಕಣ್ಣೆತ್ತಿ ನೋಡಲಿಲ್ಲ. ಹಲವು ದಶಕದ ಮೇಲೆ ಯಾರೋ ಯೂಟ್ಯೂಬ್‌ಗೆ ಹಾಕಿದ ಹಾಡು ಲಕ್ಷಗಟ್ಟಲೆ ಜನರನ್ನು ಮುಟ್ಟಿತು. ಆಮೇಲೆ 2019ರಲ್ಲಿ ಅಮೆರಿಕದ ನ್ಯೂಮರೊ ಗ್ರೂಪ್ ಅದನ್ನು ಮತ್ತೆ ಹೊರತಂದಿತು.

ಫಂಕ್ ಅಂದ್ರೆ ಏನು ಅಂತ ಕೇಳೋರಿಗೆ ಸುಲಭದ ಉತ್ತರ: ಹಾಡಿನ ಯಜಮಾನಿಕೆ ರಾಗದ ಕೈಯಲ್ಲಿಲ್ಲ, ಬೇಸ್ ಗಿಟಾರ್ ಮತ್ತು ಡ್ರಮ್ಸ್ ಕೈಯಲ್ಲಿದೆ. ಇದನ್ನು ಕೇಳುವಾಗ ಮೊದಲ ಎರಡು ನಿಮಿಷ ಗಾಯನ ಮರೆತು ಬೇಸ್ ಒಂದನ್ನೇ ಹಿಂಬಾಲಿಸ್ರಿ. ಕಾಲು ತಾನೇ ತಾಳ ಹಾಕುತ್ತೆ.

5. 'ಟೆನ್ ರಾಗಾಸ್ ಟು ಎ ಡಿಸ್ಕೊ ಬೀಟ್' (1982, ಮರುಬಿಡುಗಡೆ 2010), ಎಲೆಕ್ಟ್ರಾನಿಕ್

ಚರಣ್‌ಜಿತ್ ಸಿಂಗ್ ಮುಂಬೈ ಸಿನಿಮಾ ವಾದ್ಯವೃಂದದ ಕಲಾವಿದರು. ಮೂರು ರೋಲ್ಯಾಂಡ್ ಯಂತ್ರ ಇಟ್ಟುಕೊಂಡು ಹತ್ತು ರಾಗ ನುಡಿಸಿದರು: ತಾಳಕ್ಕೆ ಟಿಆರ್-808, ಬೇಸ್‌ಗೆ ಟಿಬಿ-303, ರಾಗಕ್ಕೆ ಜುಪಿಟರ್-8 ಕೀಬೋರ್ಡ್. ಭೈರವಿ, ತೋಡಿ, ಯಮನ್, ಕಲಾವತಿ, ಮಾಲಕಂಸ. ನಮ್ಮ ಕಡೆ ಕಂಪನಿ ನಾಟಕದ ಹಾರ್ಮೋನಿಯಂ ಕೇಳಿ ಬೆಳೆದ ಹಿರಿಯರಿಗೆ ಇವು ಹೊಸ ಹೆಸರಲ್ಲ. 303 ಯಂತ್ರದಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರೋ ಸೌಲಭ್ಯ ಇದೆ. ಅದನ್ನು ಮೀಂಡ್ ಥರ ಬಳಸಿಕೊಂಡರು.

ಆಲ್ಬಂ ಮಾರಾಟ ಆಗಲಿಲ್ಲ. ಐದು ವರ್ಷದ ನಂತರ, 1987ರಲ್ಲಿ, ಅಮೆರಿಕದ ಶಿಕಾಗೊ ನಗರದ ಹುಡುಗರು ಇದೇ 303ರಿಂದ ಆ್ಯಸಿಡ್ ಹೌಸ್ ಅನ್ನೋ ಹೊಸ ಕುಣಿತದ ಸಂಗೀತ ಹೊರತಂದರು. ಡಚ್ ಸಂಗ್ರಾಹಕರೊಬ್ಬರು 2010ರಲ್ಲಿ ಸಿಂಗ್ ಅವರ ಆಲ್ಬಂ ಮರುಬಿಡುಗಡೆ ಮಾಡಿದಾಗ ಜಗತ್ತು ಹುಬ್ಬೇರಿಸಿತು. ಸಿಂಗ್ ಕೊನೆಗಾಲದಲ್ಲಿ ಯುರೋಪಿನ ವೇದಿಕೆಗಳಲ್ಲಿ ಅದನ್ನೇ ನುಡಿಸಿ 2015ರಲ್ಲಿ ತೀರಿಕೊಂಡರು.

6. 'ದಿ ಎನ್‌ಐಡಿ ಟೇಪ್ಸ್' (2023), ಎಲೆಕ್ಟ್ರಾನಿಕ್

ಇದು ಇನ್ನೂ ಹಿಂದಿನದು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ 1969ರಲ್ಲಿ ಒಂದು ಮೂಗ್ ಸಿಂಥಸೈಜರ್ ಬಂತು. ಅಮೆರಿಕದ ಸಂಯೋಜಕ ಡೇವಿಡ್ ಟ್ಯೂಡರ್ ಬಂದು ಸ್ಟುಡಿಯೋ ಕಟ್ಟಿಕೊಟ್ಟರು. ಗೀತಾ ಸಾರಾಭಾಯಿ, ಐ.ಎಸ್. ಮಾಥುರ್, ಅತುಲ್ ದೇಸಾಯಿ, ಎಸ್.ಸಿ. ಶರ್ಮಾ, ಜಿನರಾಜ್ ಜೋಶಿಪುರ ಅದರಲ್ಲಿ ಪ್ರಯೋಗ ಮಾಡಿದರು. 1972ರ ತನಕದ ಆ ಟೇಪುಗಳು ಸಂಸ್ಥೆಯ ಸಂಗ್ರಹದಲ್ಲೇ ಸುಮ್ಮನೆ ಕೂತಿದ್ದವು. ಬ್ರಿಟನ್ನಿನ ಸಂಗೀತಗಾರ ಪಾಲ್ ಪರ್ಗಾಸ್ ಅವನ್ನು ಹುಡುಕಿ ಆಯ್ದು ಹೊರಬರುವಂತೆ ಮಾಡಿದರು. ಹಾಡು ಅಂತ ಕೇಳಿದರೆ ನಿರಾಸೆ ಆದೀತು. ಹಕ್ಕಿ, ಗಾಳಿ, ಯಂತ್ರ ಎಲ್ಲ ಬೆರೆತಂಥ ಸದ್ದು ಅಂತ ಕೇಳ್ರಿ. ಇಯರ್‌ಫೋನ್ ಬೇಕೇ ಬೇಕು.

7. 'ದಿ ರಘು ದೀಕ್ಷಿತ್ ಪ್ರಾಜೆಕ್ಟ್' ಮೊದಲ ಆಲ್ಬಂ (2008), ಇಂಡೀ

ಇಂಡೀ ಅನ್ನೋದು ರಾಗದ ಹೆಸರಲ್ಲ, ವ್ಯವಹಾರದ ಹೆಸರು. ಸಿನಿಮಾ ಇಲ್ಲ, ದೊಡ್ಡ ಕಂಪನಿ ಇಲ್ಲ. ರಘು ದೀಕ್ಷಿತ್ ವರ್ಷಗಟ್ಟಲೆ ಕಾದ ಮೇಲೆ ವಿಶಾಲ್–ಶೇಖರ್ ಜೋಡಿ ತಮ್ಮದೇ ಲೇಬಲ್‌ನಿಂದ ಇದನ್ನು ಹೊರತಂದರು. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶಿಶುನಾಳ ಶರೀಫರ ಎರಡು ತತ್ವಪದ ಗಿಟಾರ್, ವಯೊಲಿನ್ ಜೊತೆ ಇವೆ. ಭಜನೆಯಲ್ಲಿ ಕೇಳಿದ ಶರೀಫರನ್ನೇ ಇಲ್ಲಿ ಹೊಸ ನಡಿಗೆಯಲ್ಲಿ ಕೇಳಬಹುದು. ಇದು ಹಿಡಿಸಿದರೆ ರಘು ಅವರ ತಮ್ಮ ವಾಸು ದೀಕ್ಷಿತ್ ಹಾಡುವ 'ಸ್ವರಾತ್ಮ' ತಂಡದ 2009ರ ಆಲ್ಬಂ ಕೂಡ ಹುಡುಕ್ರಿ.

ಸರಿ, ನಮ್ಮ ಹಾಡುಗಳ ಕಥೆ ಏನು?

ರೂಪಾ, ಸಿಂಗ್, ಎನ್‌ಐಡಿ ಮೂರೂ ಕಡೆ ಒಂದೇ ಪಾಠ. ಹಾಡು ಚೆನ್ನಾಗಿತ್ತು ಅನ್ನೋ ಒಂದೇ ಕಾರಣಕ್ಕೆ ಉಳಿಯಲಿಲ್ಲ, ಪ್ರತಿ ಉಳಿದಿತ್ತು ಅಂತ ಉಳಿಯಿತು.

1978ರ 'ಆಪರೇಷನ್ ಡೈಮಂಡ್ ರಾಕೆಟ್' ನೆನಪಿಸಿಕೊಳ್ರಿ. ಜಿ.ಕೆ. ವೆಂಕಟೇಶ್ ಸಂಗೀತ, ಡಾ. ರಾಜ್‌ಕುಮಾರ್ ಇಂಗ್ಲಿಷಿನಲ್ಲಿ ಹಾಡಿದ ಆ ಹಾಡನ್ನು ನಾವೆಲ್ಲ ಮೊಬೈಲಿನಲ್ಲಿ ನೋಡಿ ಕುಣಿದವರೇ. ಅದರ ಹಿಂದಿನ ವಾದ್ಯ ಕೇಳ್ರಿ, ಯಾವ ಫಂಕ್ ಆಲ್ಬಂಗೂ ಕಡಿಮೆ ಇಲ್ಲ. ಇದೇ ವೆಂಕಟೇಶ್ ಹತ್ತಿರ ಇಳಯರಾಜ ಸಹಾಯಕರಾಗಿ ಕೆಲಸ ಮಾಡಿದ್ದರು. ಇಳಯರಾಜರ ಆ ಕಾಲದ ತಮಿಳು ಹಾಡುಗಳನ್ನು ಇಂಗ್ಲೆಂಡಿನ ಕಂಪನಿಯೊಂದು ಆಯ್ದು ಚಂದದ ಪುಸ್ತಿಕೆ ಸಮೇತ ಹೊರತಂದಿದೆ. ಗುರುವಿನ ಕನ್ನಡ ಹಾಡಿಗೂ ಆ ಮರ್ಯಾದೆ ಸಿಗಬೇಕಲ್ಲವೇ?

ಬಿ.ಕಾಂ. ಓದಿದವನು ನಾನು, ಸ್ವಲ್ಪ ಲೆಕ್ಕ ಹೇಳ್ತೀನಿ. ನಮ್ಮ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ. ಅಂದ್ರೆ 1978ರಲ್ಲಿ ಬಂದ ರೆಕಾರ್ಡಿನ ಹಕ್ಕು 2038ರ ಕೊನೆಯವರೆಗೆ ಇರುತ್ತೆ. ಸಾಹಿತ್ಯ, ಸಂಗೀತ ಸಂಯೋಜನೆಯ ಹಕ್ಕು ಬೇರೆ, ಅದು ರಚಿಸಿದವರು ತೀರಿಕೊಂಡ ಮೇಲೂ 60 ವರ್ಷ. ಅಲ್ಲಿಯವರೆಗೆ ಮಾಲೀಕರ ಒಪ್ಪಿಗೆ ಇಲ್ಲದೆ ಯಾರೂ ಮುಟ್ಟುವಂತಿಲ್ಲ. ಆದರೆ ಟೇಪು ಕಾಯ್ದೆ ಓದಿಕೊಂಡು ಕಾಯಲ್ಲ ನೋಡ್ರಿ. ಬಳ್ಳಾರಿ ಸೀಮೆಯ ಬಿಸಿಲು, ಸಂಡೂರಿನ ಕೆಂಪು ಧೂಳು ಎರಡೂ ಅದಕ್ಕೆ ಶತ್ರು. ಹಕ್ಕಿನ ಅವಧಿ ಮುಗಿಯೋ ಹೊತ್ತಿಗೆ ಪ್ರತಿಯೇ ಇಲ್ಲದಿದ್ದರೆ ಆ ಹಕ್ಕು ತಗೊಂಡು ಏನು ಮಾಡೋದು?

ಇನ್ನೊಂದು ಲೆಕ್ಕ. ಸ್ಟ್ರೀಮಿಂಗ್ ಆ್ಯಪ್‌ಗೆ ನೀವು ಕಟ್ಟೋ ಹಣ ಒಂದೇ ಹುಂಡಿಗೆ ಬಿದ್ದು, ಒಟ್ಟು ಕೇಳಿಕೆಯಲ್ಲಿ ಯಾರ ಪಾಲು ಎಷ್ಟೋ ಅಷ್ಟು ಹಂಚಿಕೆ ಆಗುತ್ತೆ. ಸ್ಪಾಟಿಫೈನಲ್ಲಿ 2024ರಿಂದ ಹನ್ನೆರಡು ತಿಂಗಳಲ್ಲಿ 1,000 ಸಲವೂ ಕೇಳದ ಹಾಡಿಗೆ ಆ ಪಾಲೂ ಇಲ್ಲ. ಬ್ಯಾಂಡ್‌ಕ್ಯಾಂಪ್‌ನಲ್ಲಿ ಡಿಜಿಟಲ್ ಆಲ್ಬಂ ಕೊಂಡರೆ ಜಾಲತಾಣದ ಪಾಲು ಶೇ. 15. ನೀವು 500 ರೂಪಾಯಿ ಕೊಟ್ಟರೆ 75 ಅವರಿಗೆ. ಪಾವತಿ ಶುಲ್ಕ ಕಳೆದು ಉಳಿದದ್ದು ಕಲಾವಿದರಿಗೆ ಅಥವಾ ಅವರ ಲೇಬಲ್‌ಗೆ. ಏಳನ್ನೂ ಆ್ಯಪ್‌ನಲ್ಲಿ ಕೇಳ್ರಿ, ಬೇಡ ಅನ್ನಲ್ಲ. ಯಾವುದೋ ಒಂದು ಮನಸ್ಸಿಗೆ ಹಿಡಿಸಿದರೆ, ಸಿಗೋ ಕಡೆ ಅದೊಂದನ್ನು ದುಡ್ಡು ಕೊಟ್ಟು ಕೊಳ್ಳ್ರಿ.

ಮನೆಯ ಕ್ಯಾಸೆಟ್ ಡಬ್ಬ

ನಮ್ಮ ತಾಲ್ಲೂಕಿನವರೇ ಆದ ಬುರ್ರಕಥೆಯ ದರೋಜಿ ಈರಮ್ಮ 2014ರಲ್ಲಿ ತೀರಿಕೊಂಡರು. ಅಕ್ಷರ ಕಲಿಯದೆಯೇ ಮಹಾಕಾವ್ಯಗಳನ್ನು ಕಂಠದಲ್ಲಿ ಇಟ್ಟುಕೊಂಡವರು. ಹಂಪಿ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು, ಅವರ ಕಥನವನ್ನು ಪುಸ್ತಕವಾಗಿಯೂ ತಂದಿತು. ಪದ ಅಚ್ಚಿನಲ್ಲಿ ಉಳಿಯುತ್ತೆ. ದನಿ, ಏರಿಳಿತ, ನಡುವೆ ಬೀಳೋ ವಾದ್ಯದ ಪೆಟ್ಟು ಉಳಿಯೋದು ಧ್ವನಿಮುದ್ರಣದಲ್ಲಿ ಮಾತ್ರ. ಅಂಥ ಮುದ್ರಣ ವಿಶ್ವವಿದ್ಯಾಲಯದಲ್ಲಿ ಮಾತ್ರ ಇರಬೇಕು ಅಂತಿಲ್ಲ. ಜಾತ್ರೆಯ ಬಯಲಾಟ, ಲಂಬಾಣಿ ತಾಂಡಾದ ಮದುವೆ ಹಾಡು, ಅಜ್ಜಿಯ ಸೋಬಾನೆ ಯಾರ ಮನೆಯ ಕ್ಯಾಸೆಟ್‌ನಲ್ಲೂ ಇರಬಹುದು.

ಇದ್ದರೆ ಹೀಗೆ ಮಾಡ್ರಿ. ಬೂಷ್ಟು ಹಿಡಿದ ಕ್ಯಾಸೆಟ್ ಪ್ಲೇಯರ್‌ಗೆ ಹಾಕಬೇಡ್ರಿ, ಟೇಪೂ ಕೆಡುತ್ತೆ, ಪ್ಲೇಯರೂ ಕೆಡುತ್ತೆ. ಚೆನ್ನಾಗಿದ್ದರೆ ಮೊದಲು ಪ್ಲೇಯರ್ ಹೆಡ್ ಒರೆಸಿ, ಒಂದು ವಯರ್‌ನಿಂದ ಕಂಪ್ಯೂಟರ್‌ಗೆ ಜೋಡಿಸಿ, ಇಡೀ ಬದಿ ಒಂದೇ ಸಲಕ್ಕೆ ಮುದ್ರಿಸ್ರಿ. ಎಂಪಿ3 ಬೇಡ, ವೇವ್ ಫೈಲ್ ಇಡ್ರಿ. ಹಾಡಿದ್ದು ಯಾರು, ಯಾವ ಊರು, ಯಾವ ವರ್ಷ ಅಂತ ಗೊತ್ತಿದ್ದಷ್ಟು ಬರೆದಿಡ್ರಿ. ಎರಡು ಕಡೆ ಪ್ರತಿ ಇಡ್ರಿ. ಹಾಡಿದವರು ಬದುಕಿದ್ದರೆ ಅವರನ್ನು ಕೇಳದೆ ಎಲ್ಲೂ ಹಾಕಬೇಡ್ರಿ.

ಮುಂದಿನ ವಾರ ಹೊಸ ಕನ್ನಡ ರ‍್ಯಾಪ್ ಬಗ್ಗೆ ಮಾತಾಡೋಣ. ಅಷ್ಟರೊಳಗೆ ಏಳರಲ್ಲಿ ಯಾವುದು ಹಿಡಿಸಿತು, ಯಾವುದು ತಲೆಗೆ ಹತ್ತಲಿಲ್ಲ, ಎರಡನ್ನೂ ಬರೆದು ಕಳಿಸ್ರಿ. ಬರ್ತೀನಿ ರೀ.