ಆಪ್ ಕಟ್ಟುವ ಮುನ್ನ ಹೆಬ್ಬೆರಳು ನೋಡಿ

ಕಳೆದ ವರ್ಷ ಕಾರ್ಕಳದ ಸೇವಾ ಕೇಂದ್ರವೊಂದರಲ್ಲಿ ಸರದಿಗಾಗಿ ಕಾಯುತ್ತಿದ್ದೆ. ನನ್ನ ಮುಂದೆ ಎಪ್ಪತ್ತರ ಆಸುಪಾಸಿನ ಮಹಿಳೆಯೊಬ್ಬರಿದ್ದರು. ಭವಿಷ್ಯನಿಧಿಯ ಪಿಂಚಣಿ ನಿಲ್ಲಬಾರದೆಂದರೆ ತಾವು ಬದುಕಿರುವುದನ್ನು ಅವರು ವರ್ಷಕ್ಕೊಮ್ಮೆ ರುಜುವಾತುಪಡಿಸಬೇಕು. ಹೆಬ್ಬೆರಳನ್ನು ನಾಲ್ಕು ಸಲ ಒತ್ತಿದರು. ನಾಲ್ಕು ಸಲವೂ ಯಂತ್ರ ಒಪ್ಪಲಿಲ್ಲ. ‘ಬೀಡಿ ಕಟ್ಟಿ ಕಟ್ಟಿ ಗೆರೆಯೇ ಸವೆದು ಹೋಗಿದೆ ಮಗ’ ಎಂದರು. ಹುಡುಗ ತನ್ನ ಮೊಬೈಲನ್ನು ಅವರ ಮುಖದ ಎದುರು ಹಿಡಿದು, ‘ಅಮ್ಮ, ಒಮ್ಮೆ ಕಣ್ಣು ಮಿಟುಕಿಸಿ’ ಎಂದ. ಕೆಲಸ ಮುಗಿಯಿತು. ಹೊರಡುವಾಗ ಆಕೆ ನನ್ನತ್ತ ತಿರುಗಿ, ‘ಮೊದಲು ಇದಕ್ಕೆ ಮೂರು ಸಲ ಬರಬೇಕಿತ್ತು. ಮೂರು ದಿನದ ಬೀಡಿ ಹೋಗುತ್ತಿತ್ತು’ ಎಂದರು.

ಪಿಂಚಣಿದಾರರಿಗಾಗಿ ಕೇಂದ್ರ ಸರ್ಕಾರ ‘ಜೀವನ್ ಪ್ರಮಾಣ್’ ವ್ಯವಸ್ಥೆಯನ್ನು ಆರಂಭಿಸಿದ್ದು 2014ರ ನವೆಂಬರ್‌ನಲ್ಲಿ. ಮುಖ ತೋರಿಸಿ ಪ್ರಮಾಣಪತ್ರ ಪಡೆಯುವ ಸೌಲಭ್ಯ ಬಂದದ್ದು 2021ರ ನವೆಂಬರ್‌ನಲ್ಲಿ. ತಪ್ಪನ್ನು ತಿದ್ದಿಕೊಂಡದ್ದು ಮೆಚ್ಚತಕ್ಕದ್ದೇ. ಆದರೆ ನಡುವೆ ಏಳು ವರ್ಷ ಸಂದಿತ್ತು. ನಮ್ಮ ಜಿಲ್ಲೆಯಲ್ಲಿ ಬೀಡಿ ಕಟ್ಟುವ ಯಾವುದೇ ಮನೆಯ ಜಗಲಿಯಲ್ಲಿ ಅರ್ಧ ಗಂಟೆ ಕುಳಿತಿದ್ದರೆ ಈ ಸಮಸ್ಯೆ ಮೊದಲ ದಿನವೇ ತಿಳಿಯುತ್ತಿತ್ತು.

ಇದನ್ನು ಬೆರಳು ಮಾಡಿ ತೋರಿಸುವ ನೈತಿಕ ಹಕ್ಕು ನನಗೆ ಪೂರ್ತಿಯಾಗಿ ಇಲ್ಲ. ನಿವೃತ್ತಿಗೆ ಮುನ್ನ ನಾನಿದ್ದ ಸಮಿತಿಯೊಂದು ಕ್ಷೇತ್ರ ಸಿಬ್ಬಂದಿಗಾಗಿ ಒಂದು ಆಪ್‌ಗೆ ಅನುಮೋದನೆ ನೀಡಿತ್ತು. ಕಾಗದದ ನಮೂನೆಯಲ್ಲಿದ್ದ ಅಷ್ಟೂ ಕಾಲಂಗಳನ್ನು ನಾವು ಯಥಾವತ್ತಾಗಿ ಮೊಬೈಲಿಗೆ ಇಳಿಸಿದೆವು. ಸಭೆಯಲ್ಲಿ ಲಾಂಛನದ ಬಣ್ಣದ ಬಗ್ಗೆ ಒಂದು ಗಂಟೆ ಚರ್ಚೆಯಾಯಿತು; ಘಟ್ಟದ ತಪ್ಪಲಿನಲ್ಲಿ ಸಿಗ್ನಲ್ ಇಲ್ಲದಾಗ ತುಂಬಿದ ಮಾಹಿತಿ ಏನಾಗುತ್ತದೆ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಸಿಬ್ಬಂದಿ ಹಗಲು ಪುಸ್ತಕದಲ್ಲಿ ಬರೆದುಕೊಂಡು, ರಾತ್ರಿ ಪೇಟೆಗೆ ಬಂದು ಮೊಬೈಲಿಗೆ ತುಂಬುತ್ತಿದ್ದರು. ಕೆಲಸ ಇಮ್ಮಡಿಯಾಗಿತ್ತು, ನಮ್ಮ ಪ್ರಗತಿ ವರದಿಯಲ್ಲಿ ಮಾತ್ರ ಅದು ‘ಕಾಗದರಹಿತ’ ಆಡಳಿತವಾಗಿತ್ತು.

ಈ ವಿದ್ಯೆಗಾಗಿ ನಾವು ದೂರ ಹೋಗಬೇಕಿರಲಿಲ್ಲ ಎಂಬುದೇ ವಿಷಾದದ ಸಂಗತಿ. 1996ರಲ್ಲಿ ರೋಹಿತ್ ಭಟ್ ಉಡುಪಿಯಲ್ಲಿ ಸ್ಥಾಪಿಸಿದ ರೋಬೋಸಾಫ್ಟ್ ಆ್ಯಪಲ್‌ನ ಮ್ಯಾಕ್ ಕಂಪ್ಯೂಟರ್‌ಗಳ ತಂತ್ರಾಂಶದಿಂದ ಆರಂಭಿಸಿ ಮೊಬೈಲ್ ಆಪ್‌ಗಳ ಕ್ಷೇತ್ರದಲ್ಲಿ ಹೆಸರು ಮಾಡಿತು. 2021ರಲ್ಲಿ ಜಪಾನಿನ ಟೆಕ್ನೋಪ್ರೊ ಸಮೂಹ ಅದನ್ನು ಕೊಂಡುಕೊಂಡಿತು. ಅವರೇ 2008ರಲ್ಲಿ ಕಟ್ಟಿದ ‘99 ಗೇಮ್ಸ್’ ಸಂಸ್ಥೆ ‘ಸ್ಟಾರ್ ಶೆಫ್’ ಎಂಬ ಅಡುಗೆಯ ಆಟವನ್ನು ರೂಪಿಸಿತು. ಹೋಟೆಲ್‌ಗಳಿಗೆ ಹೆಸರಾದ ಊರಿನಿಂದ ಇಂಥದೊಂದು ಆಟ ಹೊರಟು ದೇಶ ವಿದೇಶ ತಲುಪಿದ್ದು ಸಂತೋಷದ ವಿಷಯ.

ಮಣಿಪಾಲದಲ್ಲಿ ಓದಿ ಇದೇ ವೃತ್ತಿಯಲ್ಲಿರುವ ನಮ್ಮ ಸಂಬಂಧಿಕರ ಹುಡುಗಿಯೊಬ್ಬಳು ಆಪ್ ಹುಟ್ಟುವ ಕ್ರಮವನ್ನು ನನಗೆ ವಿವರಿಸಿದಳು. ಮೊದಲು, ಯಾರ ಯಾವ ತೊಂದರೆ ನಿವಾರಿಸಬೇಕೆಂಬುದನ್ನು ಒಂದೇ ವಾಕ್ಯದಲ್ಲಿ ಬರೆಯಬೇಕು. ಬಳಿಕ ಅಂಥವರನ್ನು ಅವರಿರುವಲ್ಲಿಯೇ ಕಂಡು, ಈಗ ಆ ಕೆಲಸವನ್ನು ಹೇಗೆ ಮಾಡುತ್ತಿದ್ದಾರೆಂದು ನೋಡಬೇಕು. ಮೂರನೆಯದು, ಒಂದೊಂದು ಪರದೆಯನ್ನೂ ಕಾಗದದ ಮೇಲೆ ಪೆನ್ಸಿಲಿನಲ್ಲಿ ಗೀಚುವುದು. ಕಾಗದ ಹರಿದರೆ ನಷ್ಟವಿಲ್ಲ. ನಾಲ್ಕನೆಯದು, ಒತ್ತಿದರೆ ಮುಂದೆ ಸಾಗುವ, ಒಳಗೇನೂ ಇಲ್ಲದ ಮಾದರಿಯೊಂದನ್ನು ಮಾಡಿ ಜನರ ಕೈಗೆ ಕೊಟ್ಟು ಸುಮ್ಮನೆ ನೋಡುವುದು. ಇಷ್ಟಾದ ಮೇಲೆಯೇ ಕೋಡ್ ಬರೆಯಬೇಕು. ಬಿಡುಗಡೆಯ ನಂತರ ದೂರುಗಳನ್ನು ಓದುತ್ತ ತಿದ್ದುವ ಕೆಲಸಕ್ಕೆ ಕೊನೆಯಿಲ್ಲ. ಬಳಕೆಯ ಪರೀಕ್ಷೆಗೆ ದೊಡ್ಡ ಸಮೀಕ್ಷೆಯೂ ಬೇಡ. ಐದು ಜನರು ಬಳಸುವುದನ್ನು ನೋಡಿದರೆ ಬಹುಪಾಲು ದೋಷಗಳು ಕಾಣುತ್ತವೆ ಎಂದು ತಜ್ಞ ಜೇಕಬ್ ನೀಲ್ಸನ್ 2000ದಲ್ಲಿಯೇ ವಾದಿಸಿದ್ದರು.

ಆದರೆ ಆ ಐವರು ಯಾರು, ಪರೀಕ್ಷೆ ಎಲ್ಲಿ ಎಂಬುದು ಮುಖ್ಯ. ಮೀನುಗಾರರಿಗೆಂದು ಮಾಡಿದ ಆಪನ್ನು ಹವಾನಿಯಂತ್ರಿತ ಕೊಠಡಿಯಲ್ಲಿ ಪರೀಕ್ಷಿಸಿದರೆ ಸಾಲದು. ಕಾಪುವಿನ ಕಡಲ ತೀರದ ಮಧ್ಯಾಹ್ನದ ಬಿಸಿಲಿನಲ್ಲಿ ತೆಳು ಬೂದು ಬಣ್ಣದ ಅಕ್ಷರ ಕಾಣುವುದಿಲ್ಲ. ಉಪ್ಪುನೀರಿನಲ್ಲಿ ತೊಯ್ದ ಬೆರಳಿಗೆ ಪರದೆ ಸರಿಯಾಗಿ ಸ್ಪಂದಿಸುವುದಿಲ್ಲ. ಆಳ ಸಮುದ್ರದಲ್ಲಿ ಮೊಬೈಲ್ ಸಂಕೇತವೇ ಇಲ್ಲ. ಇದನ್ನು ಅರಿತು ರೂಪಿಸಿದ್ದು ಇಸ್ರೋದ ‘ನಭಮಿತ್ರ’. ದೋಣಿಯಲ್ಲಿಟ್ಟ ಸಾಧನ ಉಪಗ್ರಹದೊಡನೆ ವ್ಯವಹರಿಸುತ್ತದೆ. ಮೀನುಗಾರನ ಮೊಬೈಲ್ ಆ ಸಾಧನದೊಡನೆ ಮಾತ್ರ ಮಾತಾಡುತ್ತದೆ. ಇಂಥ ಸಾಧನಗಳನ್ನು ಒಂದು ಲಕ್ಷ ದೋಣಿಗಳಿಗೆ ಅಳವಡಿಸುವ ಯೋಜನೆಗೆ 2024ರ ಆಗಸ್ಟ್‌ನಲ್ಲಿ ಚಾಲನೆ ಸಿಕ್ಕಿತು.

ಉಡುಪಿಯವರಿಗೆ ಈ ಬಗೆಯ ಯೋಚನೆ ಹೊಸತೇನೂ ಅಲ್ಲ. 1925ರಲ್ಲಿ ಇಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಗೂಲಿಯವನ ಬಳಿ ತಿಂಗಳ ಕೊನೆಯಲ್ಲಿ ಉಳಿತಾಯವಿರುವುದಿಲ್ಲ, ಸಂಜೆಗೆ ಎರಡಾಣೆ ಇರಬಹುದು. ಕೆಲಸ ಬಿಟ್ಟು ಬ್ಯಾಂಕಿಗೆ ಬರಲು ಅವನಿಗೆ ಸಾಧ್ಯವಿಲ್ಲ. ಆದ್ದರಿಂದ ಬ್ಯಾಂಕೇ ಅವನ ಮನೆ ಬಾಗಿಲಿಗೆ ಹೋಯಿತು. ಪರದೆಯಿಲ್ಲ, ವಿದ್ಯುತ್ತಿಲ್ಲ, ಆದರೆ ಬಳಸುವವನ ದಿನಚರಿಯಿಂದಲೇ ಹೊರಟ ಯೋಜನೆ ಅದು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಇದು ಕೊನೆಗೂ ವೆಚ್ಚದ ಪ್ರಶ್ನೆ. ಕೆಟ್ಟ ಆಪ್ ಖರ್ಚನ್ನು ಇಳಿಸುವುದಿಲ್ಲ, ವರ್ಗಾಯಿಸುತ್ತದೆ. ಕಚೇರಿಯ ಲೆಕ್ಕದಲ್ಲಿ ಉಳಿದದ್ದು ಪ್ರಜೆಯ ಲೆಕ್ಕದಲ್ಲಿ ಕಳೆದಿರುತ್ತದೆ. ಮೂರು ದಿನದ ಬೀಡಿ ಯಾವ ಮುಂಗಡಪತ್ರದಲ್ಲಿಯೂ ಕಾಣುವುದಿಲ್ಲ.

ಆದ್ದರಿಂದ ಸರ್ಕಾರಿ ಆಪ್‌ಗಳ ಟೆಂಡರಿಗೆ ಮೂರು ಷರತ್ತುಗಳು ಸೇರಲಿ. ಅಂತಿಮ ಕಂತು ಪಾವತಿಯಾಗುವ ಮುನ್ನ ನಿಜವಾದ ಐವರು ಬಳಕೆದಾರರು, ಅವರಿರುವ ಜಾಗದಲ್ಲಿ, ಯಾರ ನೆರವೂ ಇಲ್ಲದೆ ಕೆಲಸ ಮುಗಿಸಿ ತೋರಿಸಲಿ. ಬಿಡುಗಡೆಯ ನಂತರದ ತಿದ್ದುಪಡಿಗೆ ಮೊದಲೇ ಹಣ ತೆಗೆದಿಡಲಿ. ಆಪ್ ಸೋತ ದಿನ ಮನುಷ್ಯರೊಬ್ಬರು ಕುಳಿತಿರುವ ಕೌಂಟರು ತೆರೆದಿರಲಿ.

ಆ ದಿನ ಸೇವಾ ಕೇಂದ್ರದಲ್ಲಿ ನನ್ನ ಸರದಿ ಬಂದಾಗ ನನ್ನ ಹೆಬ್ಬೆರಳನ್ನು ಯಂತ್ರ ಒಂದೇ ಸಲಕ್ಕೆ ಒಪ್ಪಿಕೊಂಡಿತು. ಜೀವಮಾನವಿಡೀ ಕಡತಕ್ಕೆ ಸಹಿ ಹಾಕಿದ ಕೈಯಲ್ಲಿ ಗೆರೆಗಳೆಲ್ಲ ಹಾಗೆಯೇ ಇದ್ದವು.